ಚಮಚದ ಮೀನು, ಡಬ್ಬಿಯ ಮೀನು

ನಾನು ಚಿಕ್ಕವಳಿದ್ದಾಗ, ಚಳಿಗಾಲದ ಬೆಳಿಗ್ಗೆ ದಾಂಡೇಲಿಯ ಕಾಳಿ ಹೊಳೆಯ ಮೇಲೆ ಬಿಳಿ ಮಂಜು ಹಾಲಿನ ಕೆನೆಯ ಹಾಗೆ ಕಟ್ಟಿರುತ್ತಿತ್ತು. ಅಪ್ಪ ಧಾರವಾಡದ ಕಡೆಯಿಂದ ಅಲ್ಲಿನ ಕಾಗದದ ಕಾರ್ಖಾನೆಗೆ ಕೆಲಸಕ್ಕೆ ಬಂದಿದ್ದ. ನಾನು, ಅಕ್ಕ, ಅಪ್ಪ, ಅವ್ವ ಎರಡು ಕೋಣೆಯ ಮನೆಯಲ್ಲಿ ಇದ್ದೆವು.

ಆ ವರ್ಷ ಅವ್ವ ಮೂರು ವಾರ ಜ್ವರದಲ್ಲಿ ಮಲಗಿದಳು. ಜ್ವರ ಬಿಟ್ಟಿತು, ಆದರೆ ಬಾಯಿಗೆ ರುಚಿ ಬರಲಿಲ್ಲ. ಗಂಜಿ ಕೊಟ್ಟರೆ ಎರಡು ಗುಟುಕು ಕುಡಿದು ಗೋಡೆಯ ಕಡೆ ಹೊರಳುತ್ತಿದ್ದಳು. ಕೈ ಎತ್ತಿದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಒಂದು ಸಂಜೆ ಅವಳೇ ಮೆಲ್ಲಗೆ ಹೇಳಿದಳು, “ಹೊಳಿ ಮೀನಿನ ಸಾರು ಇದ್ರ ನಾಕು ತುತ್ತು ಉಣ್ತಿದ್ನೇನೋ.”

ಅಪ್ಪ ಎರಡು ಭಾನುವಾರ ಗಾಳಕ್ಕೆ ಎರೆಹುಳ ಸಿಕ್ಕಿಸಿಕೊಂಡು ಹೋಗಿ ಬರಿಗೈಯಲ್ಲಿ ಬಂದ. ಮೂರನೆಯ ವಾರ ಅವನಿಗೆ ಬೇರೆ ಉಪಾಯ ಹೊಳೆಯಿತು. ಹಿಡಿಕೆ ಮುರಿದ ಸ್ಟೀಲಿನ ಚಮಚವನ್ನು ಕಲ್ಲಿಗೆ ತಿಕ್ಕಿ ಹೊಳಪು ತಂದ. ಎರಡೂ ತುದಿಗೆ ಮೊಳೆ ಬಡಿದು ತೂತು ಮಾಡಿ, ಒಂದು ಕಡೆ ಗಾಳ, ಇನ್ನೊಂದು ಕಡೆ ನೈಲಾನ್ ದಾರ ಕಟ್ಟಿದ. ಅಕ್ಕ ತನ್ನ ಕೆಂಪು ರಿಬ್ಬನ್ ಕತ್ತರಿಸಿ ಬಾಲ ಮಾಡಿಕೊಟ್ಟಳು. ಬಕೆಟ್ಟಿನ ನೀರಿನಲ್ಲಿ ಎಳೆದು ನೋಡಿದರೆ ಅದು ಥೇಟ್ ಮರಿಮೀನಿನ ಹಾಗೆ ಹೊರಳಾಡಿತು. ಮರಿಯೆಂದು ನುಂಗಲು ದೊಡ್ಡ ಮೀನು ಬರುತ್ತದೆ ಎಂದ ಅಪ್ಪ. ನನಗೆ ನಗು ತಡೆಯಲಾಗಲಿಲ್ಲ.

ಮರುದಿನ ಬೆಳಿಗ್ಗೆ ಮೂವರೂ ಹೊಳೆಗೆ ಹೋದೆವು. ಹುಲ್ಲಿನ ಇಬ್ಬನಿಗೆ ಪಾದ ಜೋಮು ಹಿಡಿದಿತ್ತು. ನಾನು ಹಟ ಮಾಡಿದ್ದಕ್ಕೆ ಅಪ್ಪ ಚಮಚವನ್ನು ದೂರಕ್ಕೆ ಎಸೆದು ದಾರವನ್ನು ನನ್ನ ಕೈಗೆ ಕೊಟ್ಟ. ಮೀನು ಬೇಗ ಬರಲಿ ಎಂದು ನಾನು ಸರಸರ ಎಳೆದೆ. ನೀರೊಳಗಿನ ಬಿದಿರಿನ ಬೊಡ್ಡೆಗೆ ಅದು ಸಿಕ್ಕಿಕೊಂಡಿತು. ಅಪ್ಪ ತಡೆಯುವಷ್ಟರಲ್ಲಿ ಇನ್ನೂ ಜೋರಾಗಿ ಜಗ್ಗಿದೆ. ದಾರ ಹರಿಯಿತು.

ಮೊಸಳೆ ಇರುವ ಹೊಳೆ. ಇಳಿದು ಹುಡುಕುವ ಹಾಗಿರಲಿಲ್ಲ. ಅವ್ವನ ಸಾರನ್ನು ನಾನೇ ಚೆಲ್ಲಿಬಿಟ್ಟೆ ಅನ್ನಿಸಿತು. ಅಪ್ಪ ಬಯ್ಯುತ್ತಾನೆ ಎಂದು ಅಕ್ಕನ ಹಿಂದೆ ನಿಂತೆ.

ಅಪ್ಪ ಬಯ್ಯಲಿಲ್ಲ. ಜೇಬಿನಿಂದ ತಂಬಾಕಿನ ಹಿತ್ತಾಳೆ ಡಬ್ಬಿ ತೆಗೆದ. ಅದು ಅವನ ಅಪ್ಪ ಕೊಟ್ಟದ್ದು. ನಮಗೆ ಮುಟ್ಟಲೂ ಬಿಡುತ್ತಿರಲಿಲ್ಲ. ಅದರ ಮುಚ್ಚಳ ಕಿತ್ತು, ಬಂಡೆಯ ಮೇಲಿಟ್ಟು ಕಲ್ಲಿನಿಂದ ಬಡಿದು ಎಲೆಯ ಹಾಗೆ ಬಾಗಿಸಿದ. ಚಾಕುವಿನ ಮೊನೆಯಿಂದ ತೂತು ಕೊರೆದು, ಉಳಿದಿದ್ದ ಒಂದೇ ಗಾಳ ಕಟ್ಟಿದ. ಅಕ್ಕ ಇನ್ನೊಂದು ಜಡೆಯ ರಿಬ್ಬನ್ನೂ ಬಿಚ್ಚಿದಳು.

ಅದನ್ನು ಎಸೆದು ಅಪ್ಪ ದಾರವನ್ನು ಮತ್ತೆ ನನ್ನ ಕೈಗೇ ಕೊಟ್ಟ. ನಾನು ಬೇಡವೆಂದು ತಲೆಯಾಡಿಸಿದೆ.

“ಹಿಡಿ,” ಅಂದ. “ನೀರು ತಣ್ಣಗೈತಿ, ಮೀನಿನ ಮೈ ಜಡ ಆಗಿರ್ತೈತಿ. ಅದು ಬೆನ್ನು ಹತ್ತಿ ಓಡಿ ಬರೂದಿಲ್ಲ. ನೀನ ಸಾವಕಾಶ ಎಳಿ.”

ಉಸಿರು ಬಿಗಿಹಿಡಿದು ಗೇಣು ಗೇಣಾಗಿ ಎಳೆದೆ. ಎಷ್ಟು ಸಲ ಎಸೆದೆವೋ ನೆನಪಿಲ್ಲ. ಮಂಜು ಕರಗಿ ಬಿಸಿಲು ನೀರಿಗೆ ಇಳಿದಾಗ ದಾರ ಒಮ್ಮೆಗೇ ಭಾರವಾಯಿತು. ಮತ್ತೆ ಬೊಡ್ಡೆಗೆ ಸಿಕ್ಕಿತೆಂದು ಎಳೆಯುವುದನ್ನೇ ನಿಲ್ಲಿಸಿದೆ. ಅಷ್ಟರಲ್ಲಿ ಆ ಭಾರ ಎಡಕ್ಕೆ ಓಡಿತು. ಮೂವರೂ ಸೇರಿ ಎಳೆದೆವು. ಹಾವಿನಂಥ ತಲೆಯ ಕಪ್ಪು ಮೀನು, ನನ್ನ ತೋಳಿನಷ್ಟು ಉದ್ದ, ಹುಲ್ಲಿನ ಮೇಲೆ ಬಂದು ಬಿತ್ತು.

ಮಧ್ಯಾಹ್ನ ಅಪ್ಪನೇ ಸಾರು ಮಾಡಿದ. ಖಾರ ಹೆಚ್ಚಾಗಿತ್ತು. ಅವ್ವ ಗೋಡೆಗೆ ಒರಗಿ ಕುಳಿತು, ಮೂಗು ಒರೆಸಿಕೊಳ್ಳುತ್ತ ಒಂದು ತಟ್ಟೆ ಅನ್ನ ಉಂಡಳು. ನಾವು ಮೂವರೂ ಅವಳು ಉಣ್ಣುವುದನ್ನೇ ನೋಡುತ್ತ ಕುಳಿತೆವು.

ಈಗ ನನ್ನ ಮೊಮ್ಮಕ್ಕಳ ಹತ್ತಿರ ಬಣ್ಣಬಣ್ಣದ, ಕಣ್ಣು ಬರೆದ, ಗಾಳಕ್ಕೆ ಕಟ್ಟುವ ಪ್ಲಾಸ್ಟಿಕ್ ಮೀನುಗಳಿವೆ. ರಜೆಯಲ್ಲಿ ಮಳಗಿಯ ಅಣೆಕಟ್ಟಿನ ಕಡೆ ಹೋದಾಗ ಒಂದು ನೀರಿನಲ್ಲಿ ಕಳೆದುಹೋದರೆ ಫೋನಿನಲ್ಲೇ ಇನ್ನೊಂದು ತರಿಸುತ್ತಾರೆ. ಹಿಡಿದ ಮೀನಿನ ಫೋಟೊ ತೆಗೆದು ನೀರಿಗೇ ಬಿಡುತ್ತಾರೆ. ಅವರ ಮನೆಯಲ್ಲಿ ಯಾರ ಊಟವೂ ಆ ದಾರಕ್ಕೆ ಜೋತುಬಿದ್ದಿಲ್ಲ. ಅದು ನನಗೆ ಸಮಾಧಾನವೇ. ಆದರೂ ಮಕ್ಕಳೇ, ತಪ್ಪು ಮಾಡಿದ ಕೈಗೇ ಮತ್ತೆ ದಾರ ಕೊಡುವ ಒಬ್ಬರು ನಿಮಗೂ ಸಿಗಲಿ.