ಇಂಗ್ಲೆಂಡ್ ಗಾಡಿಯೂ ನನ್ನ ಮಂಡಿಯೂ

ಒಂದು ಕಡೆ ಕೂರುವ ಆಸಾಮಿಯಲ್ಲ ನಾನು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು ಎಂದು ಅಮ್ಮ ಅನ್ನುತ್ತಿದ್ದಳು. ಅಂಥವನನ್ನು ಮೂರು ತಿಂಗಳು ಸೂಲಿಬೆಲೆಯ ಮನೆಯಲ್ಲಿ ಮಂಚಕ್ಕೆ ಹಾಕಿದ್ದು ನನ್ನದೇ ಮೋಟಾರ್‌ಸೈಕಲ್ಲು.

ಅದು ಇಂಗ್ಲೆಂಡಿನಲ್ಲಿ ತಯಾರಾದ ಗಾಡಿ, ವಯಸ್ಸಿನಲ್ಲಿ ನನಗಿಂತ ಹಿರಿಯದು. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಈಗಿನ ಗಾಡಿಗಳಿಗೆ ಪೂರಾ ಉಲ್ಟಾ. ನಮ್ಮ ಅಂಗಡಿಗಳ ಸ್ಪ್ಯಾನರ್ ಅದರ ನಟ್ಟಿಗೆ ಸರಿಯಾಗಿ ಕೂರುವುದಿಲ್ಲ. ಹಳೇ ಇಂಚಿನ ಅಳತೆಯವೇ ಬೇಕೆಂದು ಬೆಂಗಳೂರಿನ ಗುಜರಿಯಲ್ಲಿ ಹುಡುಕಿ ತಂದಿದ್ದೆ. ವಾರವೆಲ್ಲ ಹೊಸಕೋಟೆ ಪಕ್ಕದ ಗೋದಾಮಿನಲ್ಲಿ ಸ್ಟಾಕು ನೋಡುವ ಕೆಲಸ. ಭಾನುವಾರ ಬಂತೆಂದರೆ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದೆ. ಚೆನ್ನಾಗಿ ಓಡುತ್ತಿದ್ದರೂ ಬಿಚ್ಚುತ್ತಿದ್ದೆ. ಬಿಚ್ಚಿ, ಜೋಡಿಸಿ, ಒಂದು ಸುತ್ತು ಹೋಗಿ ಬಂದರೆ ಸಮಾಧಾನ. ಆ ಸಮಾಧಾನವೂ ಸೋಮವಾರದವರೆಗೆ ಮಾತ್ರ. "ಸುಮ್ನಿರಲಾರ್ದೆ ಇರುವೆ ಬಿಟ್ಕೊಂಡ್ರಂತೆ" ಎಂದು ಹೆಂಡತಿ ಹಸುವಿಗೆ ಮೇವು ಹೊತ್ತುಕೊಂಡು ಹೋಗುತ್ತಾ ಚುಚ್ಚುತ್ತಿದ್ದಳು. ಗಾಡಿಗೆ ಅವಳು ಇಟ್ಟ ಹೆಸರು ಸವತಿ.

ಹ್ಯಾಂಡಲಿನ ಎಡಗಡೆ ಒಂದು ಪುಟ್ಟ ಲಿವರ್ ಇದೆ. ಕಿಕ್ ಹೊಡೆಯುವ ಮುಂಚೆ ಅದನ್ನು ಎಳೆದಿಡಬೇಕು. ಇಲ್ಲದಿದ್ದರೆ ಕಿಡಿ ಬೇಗ ಹತ್ತಿ, ಒದ್ದವನನ್ನೇ ಗಾಡಿ ತಿರುಗಿ ಒದೆಯುತ್ತದೆ. ಒಂದು ಭಾನುವಾರ ಅವಸರದಲ್ಲಿ ಮರೆತೆ. ಬಲ ಮಂಡಿ ಹೋಯಿತು. ಆಪರೇಷನ್ ಮಾಡಿದ ಡಾಕ್ಟರು, "ಓಡ್ಸೋದಾದ್ರೆ ಓಡ್ಸಿ, ಬೇಡ ಅನ್ನಲ್ಲ. ಆದ್ರೆ ಇನ್ನು ಜೀವಮಾನದಲ್ಲಿ ಕಿಕ್ ಹೊಡೆಯೋ ಹಾಗಿಲ್ಲ" ಅಂದರು. ಸೆಲ್ಫ್ ಸ್ಟಾರ್ಟ್ ಇಲ್ಲದ ಗಾಡಿಯವನಿಗೆ ಇದು, ಊಟ ಮಾಡಿ, ಬಾಯಿ ಮಾತ್ರ ತೆರೆಯಬೇಡಿ ಅಂದ ಹಾಗಾಯಿತು.

ಮಂಚದ ಮೇಲೆ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ರಸ್ತೆಯಲ್ಲಿ ಹೋಗುವ ಪ್ರತಿ ಗಾಡಿಯ ಸದ್ದಿಗೂ ಕತ್ತೆತ್ತುತ್ತಿದ್ದೆ. ಹಾಲಿನ ಟೆಂಪೊದವನನ್ನು ಕೂಗಿ ಕರೆದು ಸೈಲೆನ್ಸರ್ ತೂತಾಗಿದೆ ಎಂದು ಹೇಳಿದೆ. ಮಿಕ್ಸಿ ಬಿಚ್ಚಿದೆ. ಟೇಬಲ್ ಫ್ಯಾನ್ ಬಿಚ್ಚಿದೆ. ಹಾಲು ಕರೆಯುವ ಮೆಷಿನ್ನಿಗೂ ಕೈ ಹಾಕಿದಾಗ ಹೆಂಡತಿ ಸ್ಪ್ಯಾನರ್ ಡಬ್ಬಿಯನ್ನೇ ಕಿತ್ತುಕೊಂಡು ಅಟ್ಟದ ಮೇಲೆ ಹಾಕಿದಳು. ಅಂಗಳದಲ್ಲಿ ಟಾರ್ಪಾಲು ಹೊದ್ದು ನಿಂತ ಗಾಡಿಯನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಕಣ್ಣೆದುರು ಇಲ್ಲದಿದ್ದರೆ ಮನಸ್ಸಾದರೂ ಒಂದು ಕಡೆ ನಿಂತೀತು ಎಂದುಕೊಂಡು, ಮಾರಿಬಿಡುವುದೆಂದು ನಾನೇ ಫೋನ್ ಮಾಡಿ ಗಿರಾಕಿಯನ್ನು ಕರೆಸಿದೆ.

ಗಿರಾಕಿ ನೆಲಮಂಗಲದವನು, ತುಮಕೂರು ಹೈವೇಯಲ್ಲಿ ಹೋಟೆಲ್ ಕಟ್ಟಿಸುತ್ತಿದ್ದ. ಬಂದವನೇ ಟಾರ್ಪಾಲು ಸರಿಸಿ ಟ್ಯಾಂಕಿನ ಮೇಲೆ ಕೈಯಾಡಿಸಿದ. ನನಗೆ ಮೈಯೆಲ್ಲ ಉರಿದುಹೋಯಿತು.

"ಸ್ಟಾರ್ಟ್ ಮಾಡಿ ನೋಡ್ಲಾ ಗುರು?" ಅಂದ.

ಕುಂಟುತ್ತಾ ಹೋಗಿ ಲಿವರನ್ನು ಎಳೆದಿಟ್ಟೆ. ಅವನ ಮಂಡಿಯ ಪಾಪ ನನಗೆ ಬೇಡ. ಆದರೆ ಕಾರ್ಬುರೇಟರಿನ ಮೇಲೊಂದು ಗುಂಡಿಯಿದೆ, ಅದನ್ನು ಒತ್ತಿ ಪೆಟ್ರೋಲು ಜಿನುಗಿದ ಮೇಲೆ ಒದೆಯಬೇಕು ಎನ್ನುವುದನ್ನು ಹೇಳಲಿಲ್ಲ. ಅವನು ಒದ್ದ, ಒದ್ದ, ಅಂಗಿ ಬೆವರಿನಲ್ಲಿ ತೊಯ್ಯುವವರೆಗೆ ಒದ್ದ. ಗಾಡಿ ಉಸಿರೆತ್ತಲಿಲ್ಲ. ಬೇಡ ಎಂದು ಇನ್ನೇನು ಹೊರಡುತ್ತಾನೆ ಎಂದು ನನಗೆ ಒಳಗೊಳಗೇ ಖುಷಿ.

"ಪರ್ವಾಗಿಲ್ಲ ಬಿಡು ಗುರು, ಓಡದಿದ್ರೂ ನಡಿಯುತ್ತೆ" ಅಂದ. "ಹೋಟ್ಲು ಮುಂದೆ ಸಿಮೆಂಟ್ ಕಟ್ಟೆ ಮಾಡ್ಸಿ, ಬೋಲ್ಟ್ ಹಾಕಿ ನಿಲ್ಲಿಸ್ಬಿಡ್ತೀನಿ. ಜನ ಹತ್ತಿ ಕೂತು ಫೋಟೊ ತೆಕ್ಕೊಳ್ತಾರೆ."

ಬೋಲ್ಟ್ ಹಾಕಿ ನಿಲ್ಲಿಸುವುದೆಂದರೆ ಏನು ಎಂದು ಮಂಚದಿಂದ ಎದ್ದು ಬಂದವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆದರೆ ಕರೆಸಿದವನು ನಾನೇ. ಯಾವ ಬಾಯಲ್ಲಿ ಬೇಡ ಅನ್ನಲಿ?

ಅಷ್ಟರಲ್ಲಿ ಹೆಂಡತಿ ಕೊಟ್ಟಿಗೆಯಿಂದ ಬಂದಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ. "ಸ್ವಲ್ಪ ಸರ್ಕೊಳ್ಳಣ್ಣ" ಅಂದಳು. ಗುಂಡಿಯನ್ನು ಒತ್ತಿ ಹಿಡಿದು, ಬೆರಳಿಗೆ ಪೆಟ್ರೋಲು ಹತ್ತಿದ ಮೇಲೆ ಬಿಟ್ಟಳು. ಕಿಕ್ಕರನ್ನು ಮೆಲ್ಲಗೆ ತುಳಿದು, ಬಿಗಿ ಸಿಕ್ಕ ಕಡೆ ನಿಲ್ಲಿಸಿ, ಮೈಭಾರವೆಲ್ಲ ಹಾಕಿ ಒದ್ದಳು. ಮೊದಲ ಒದೆಗೆ ಕೆಮ್ಮಿತು. ಎರಡನೆಯದಕ್ಕೆ ಹತ್ತಿಕೊಂಡು ಅಂಗಳದ ಕೋಳಿಗಳನ್ನೆಲ್ಲ ಓಡಿಸಿತು. ಮದುವೆಯಾದಾಗಿನಿಂದ ಅಡುಗೆಮನೆ ಕಿಟಕಿಯಲ್ಲಿ ನಿಂತು ಬೈಯುತ್ತಾ ನೋಡಿದವಳು, ಕಲಿಯದೆ ಇರುವುದಾದರೂ ಹೇಗೆ?

"ಓಡೋ ಗಾಡಿಗೆ ಬೋಲ್ಟ್ ಯಾಕಣ್ಣ?" ಎಂದು ಅವನನ್ನು ಕೇಳಿದಳು. ನನಗೆ ಬಾಯಿ ಬಂತು. "ಕೊಡಲ್ಲ ಗುರು, ಬೇಜಾರು ಮಾಡ್ಕೋಬೇಡ" ಅಂದೆ. ಅವನು ಗೊಣಗುತ್ತಾ ಕಾರು ಹತ್ತಿದ.

ನಾನು ಅವಳನ್ನೇ ನೋಡುತ್ತಾ ನಿಂತೆ. "ಹಂಗ್ಯಾಕ್ರೀ ನೋಡ್ತೀರ? ಸವತಿ ಮೇಲೇನು ಪ್ರೀತಿ ಬಂದಿಲ್ಲ ನಂಗೆ. ನೀವು ಹಿಂಗೇ ಮನೇಲಿ ಕೂತ್ರೆ ನಾನು ಬದುಕಲ್ಲ, ಅಷ್ಟೇ" ಅಂದಳು. ನನಗೆ ಅಳು ಬಂತು. ಹೊಗೆ ಎಂದು ಹೇಳಿ ಕಣ್ಣೊರೆಸಿಕೊಂಡೆ.

ಈಗ ಅವಳು ಒದೆಯುತ್ತಾಳೆ, ನಾನು ಓಡಿಸುತ್ತೇನೆ. ದಾರಿಯಲ್ಲಿ ಎಲ್ಲಿ ಬೇಕಾದರೂ ಆಫ್ ಆಗುವ ಗಾಡಿ ಇದು, ಆದ್ದರಿಂದ ನಾನೊಬ್ಬನೇ ಹೋಗುವಂತಿಲ್ಲ. ಒಂದು ದಿನವೂ ಹಿಂದೆ ಕೂರದವಳು ಈಗ ಪ್ರತಿ ಸಲವೂ ಕೂರಬೇಕು. ಮೊದಲ ಭಾನುವಾರವೇ ಜಡಿಗೇನಹಳ್ಳಿ ದಾಟಿ ರೋಡ್ ಹಂಪಿನ ಮೇಲೆ ನಿಂತುಹೋಯಿತು. ಟೀ ಅಂಗಡಿಯ ಗಂಡಸರು ಎದ್ದು ನಿಂತು ನೋಡುತ್ತಿದ್ದರು. ನಾನು ಇಳಿದು ಹ್ಯಾಂಡಲ್ ಹಿಡಿದುಕೊಂಡೆ, ಅವಳು ಒದ್ದಳು. ಹತ್ತಿಕೊಂಡಿತು.

"ಇಷ್ಟು ವರ್ಷ ಒಬ್ರೇ ಎಲ್ಲಿಗ್ರೀ ಹೋಗ್ತಿದ್ರಿ?" ಎಂದು ಸುಧಾರಿಸಿಕೊಳ್ಳುತ್ತಾ ಕೇಳಿದಳು.

ಯೋಚಿಸಿದೆ. ಹೇಳುವಂಥ ಊರು ಒಂದೂ ನೆನಪಿಗೆ ಬರಲಿಲ್ಲ. "ಎಲ್ಲಿಗೂ ಇಲ್ಲ ಕಣೇ, ಸುಮ್ನೆ" ಅಂದೆ.

ಅವಳು ಸೆರಗು ಸರಿಮಾಡಿಕೊಂಡು ಹಿಂದೆ ಕೂತು, ನನ್ನ ಹೆಗಲ ಮೇಲೆ ಕೈ ಇಟ್ಟಳು.

"ಹಂಗಾದ್ರೆ ಅಲ್ಲಿಗೇ ನಡೀರಿ" ಅಂದಳು.