ಹಿಂದಕ್ಕೆ ತರಿಸಿಕೊಂಡ ಪ್ರತಿಗಳು

ನಾನು ಕೆಲಸ ಕಲಿತದ್ದು ರಾಯಚೂರಿನ ತೀನ್ ಕಂದೀಲ್ ಹತ್ತಿರದ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ. ಎಪ್ಪತ್ತರ ದಶಕದ ಮಾತು. ಅಪ್ಪ ತೀರಿಕೊಂಡಿದ್ದ. ಅವ್ವ ಹತ್ತಿ ಜಿನ್ನಿಗೆ ಕೂಲಿಗೆ ಹೋಗುತ್ತಿದ್ದಳು. ನಾಲ್ಕನೆಯ ಇಯತ್ತೆಗೆ ನನ್ನ ಶಾಲೆ ಮುಗಿದಿತ್ತು. ಅಂಗಡಿಯ ಉಸ್ತಾದರು ಕೆಟ್ಟವರಲ್ಲ. ಮಧ್ಯಾಹ್ನ ತಮ್ಮ ಡಬ್ಬಿಯ ರೊಟ್ಟಿ ಮುರಿದು ನನಗೂ ಕೊಡುತ್ತಿದ್ದರು. ಆದರೆ ವಿದ್ಯೆ ಕೊಡುತ್ತಿರಲಿಲ್ಲ. ಕಷ್ಟದ ರಿಪೇರಿ ಬಂದಾಗ ನಮಗೆ ಬೆನ್ನು ತಿರುಗಿಸಿ ಕೂಡುತ್ತಿದ್ದರು. ಹೊಸ ಟ್ರಾನ್ಸಿಸ್ಟರ್ ಬೆಸೆಯುವ ಮೊದಲು ಅದರ ತಲೆಯ ಮೇಲಿನ ನಂಬರನ್ನು ಬ್ಲೇಡಿನಿಂದ ಕೆರೆದು ಹಾಕುತ್ತಿದ್ದರು. ಮುಂದೆ ಅದೇ ರೇಡಿಯೋ ಕೆಟ್ಟರೆ ಬೇರೆ ಅಂಗಡಿಯವನಿಗೆ ಒಳಗೆ ಯಾವ ಮಾಲು ಇದೆ ಎಂದು ತಿಳಿಯಬಾರದು, ಗಿರಾಕಿ ತಿರುಗಿ ಇಲ್ಲಿಗೇ ಬರಬೇಕು.

"ನಂಬರ್ ಕಂಡ್ರ ನಮ್ಮ ಕಿಮ್ಮತ್ತು ಹೋತು ನೋಡು," ಅನ್ನುತ್ತಿದ್ದರು.

ಅವರಿಂದ ನಾನು ಪೂರ್ತಿಯಾಗಿ ಕಲಿತದ್ದು ಅದೊಂದನ್ನೇ. ಸ್ವಂತ ಅಂಗಡಿ ಹಾಕಿದ ಮೇಲೆ ನಾನೂ ಕೆರೆದೆ.

ಆ ಅಂಗಡಿಯ ದುಡಿಮೆಯಲ್ಲೇ ತಂಗಿಯನ್ನು ಬಿ.ಎಸ್ಸಿ. ಓದಿಸಿದೆ. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಸ್ಟೇಷನ್ ರಸ್ತೆಯ ಒಂದು ಬಟ್ಟೆ ಅಂಗಡಿಯ ಅಟ್ಟದ ಮೇಲೆ ಕಂಪ್ಯೂಟರ್ ಕಲಿಸುವ ಕೇಂದ್ರ ಶುರುವಾಯಿತು. ತಂಗಿ ಅಲ್ಲಿಗೆ ಕಲಿಯಲು ಹೋದವಳು ಕಲಿಸುವವಳಾಗಿ ಉಳಿದಳು. ಆಗಿನ ಆ ಮಷೀನುಗಳು ತಮ್ಮೊಳಗೆ ಏನನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ಬರೆದದ್ದೆಲ್ಲ ತೆಳ್ಳಗಿನ ಚೌಕಾಕಾರದ ಕಪ್ಪು ಡಿಸ್ಕಿನಲ್ಲಿ ಇರುತ್ತಿತ್ತು. ಡಿಸ್ಕ್ ಹಾಕಿದರೆ ಮಷೀನಿಗೆ ಜೀವ, ತೆಗೆದರೆ ಬರೀ ಡಬ್ಬಿ.

ಕೇಂದ್ರದಲ್ಲಿ ಎಲ್ಲವೂ ಇಂಗ್ಲಿಷು. ಟೇಲರ್‌ಗಳು, ಜಿನ್ನಿನ ಗುಮಾಸ್ತರು, ಹಳ್ಳಿಯಿಂದ ಬಂದ ಹುಡುಗಿಯರು ಆಸೆಯಿಂದ ಮೆಟ್ಟಿಲು ಹತ್ತಿ ಬಂದು, ಪುಸ್ತಕ ನೋಡಿ ಇಳಿದುಹೋಗುತ್ತಿದ್ದರು. ತಂಗಿಗೆ ಅದನ್ನು ನೋಡಲಾಗಲಿಲ್ಲ. ಮನೆಯಲ್ಲಿ ಚೌಕಳಿ ಕಾಗದ ಹರಡಿಕೊಂಡು, ಚೌಕಗಳನ್ನು ತುಂಬಿ ತುಂಬಿ ಕನ್ನಡ ಅಕ್ಷರ ಮೂಡಿಸಲು ಕೂತಳು. ಅವ್ವ ಹಿಂದೆ ನಿಂತು ನೋಡಿ, "ರಂಗೋಲಿ ಹಾಕ್ದಂಗ ಹಾಕಾಕತ್ತಿಯಲ್ಲಬೇ, ಇಲ್ಲೊಂದು ಚುಕ್ಕಿ ತಪ್ಪೇದ ನೋಡು," ಎಂದಳು. ನಿಜವಾಗಿಯೂ ತಪ್ಪಿತ್ತು. ಒಂದು ವರ್ಷ ಹೀಗೆಯೇ ನಡೆಯಿತು. ಮೊದಮೊದಲ ಅಕ್ಷರಗಳಷ್ಟೇ ಕಾಗದದಲ್ಲಿ ಹುಟ್ಟಿದವು. ಆಮೇಲಿನ ತಿದ್ದುಪಡಿ, ಒತ್ತಕ್ಷರ, ಪಾಠ ಎಲ್ಲವನ್ನೂ ನೇರವಾಗಿ ಮಷೀನಿನಲ್ಲೇ ಮಾಡಿದಳು. ಕೊನೆಗೆ ಕಂಪ್ಯೂಟರಿನ ಪರದೆ ಕನ್ನಡದಲ್ಲಿ ಪಾಠ ಹೇಳಲು ಕಲಿಯಿತು.

ಆ ಪಾಠವನ್ನು ಮೊದಲು ಓದಿದವನು ನಾನು.

"ಬಾ ಯಣ್ಣಾ, ಇದನ್ನೊಂದು ಓದು," ಎಂದು ಅಂಗಡಿಯಿಂದ ಎಳೆದುಕೊಂಡು ಹೋದಳು.

"ನನಗೇನ್ ತಿಳೀತದ ಇದು?"

"ಅದಕ್ಕಽ ಕರದೀನಿ. ನಿನಗ ತಿಳೀತಂದ್ರ ಊರಿಗೆಲ್ಲ ತಿಳೀತದ."

ಅಲ್ಲಿದ್ದವರು ನಕ್ಕರು. ಅವಳೂ ನಕ್ಕಳು. ನನಗೆ ಮೈ ಉರಿಯಿತು. ಪರದೆಯ ಮೇಲೆ ಮೊದಲ ಸಾಲು ಹೀಗಿತ್ತು: "ಅಂಜಬೇಡಿ. ನೀವು ಯಾವ ಗುಂಡಿ ಒತ್ತಿದರೂ ಇದು ಕೆಡುವುದಿಲ್ಲ." ಬೆರಳಿಟ್ಟು ಓದಿದೆ. ಮುಂದೆ 'ಕಡತ' ಎಂಬಲ್ಲಿ ತಡವರಿಸಿದೆ. "ಯಾಕ ನಿಂತಿ ಅಲ್ಲಿ?" ಎಂದು ಕೇಳಿ, ಅಲ್ಲೇ ಆ ಪದ ಅಳಿಸಿ 'ಬರೆದಿಟ್ಟದ್ದು' ಎಂದು ಹಾಕಿದಳು. ನಾನು ಎಲ್ಲೆಲ್ಲಿ ನಿಂತೆನೋ ಅಲ್ಲೆಲ್ಲ ತಿದ್ದಿದಳು. ಆ ಪಾಠ ನನ್ನ ಅಳತೆಗೆ ಹೊಲಿದ ಅಂಗಿಯಂತಿತ್ತು ಎಂದು ಈಗ ಅನಿಸುತ್ತದೆ. ಆಗ ಅನಿಸಿದ್ದು ಒಂದೇ: ಓದಿಸಿದವನನ್ನೇ ಹೆಡ್ಡರ ಮಾದರಿ ಮಾಡಿ ನಾಲ್ಕು ಮಂದಿಯ ಎದುರು ಕೂರಿಸಿದಳು.

ಹೈದರಾಬಾದಿನಿಂದ ಬರುತ್ತಿದ್ದ ಮೇಷ್ಟರೊಬ್ಬರು ಕೇಂದ್ರಕ್ಕೆ ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ತಂದು ಹಾಕುತ್ತಿದ್ದರು. ಒಂದು ಸಂಜೆ ತಂಗಿ ಅದರಲ್ಲೊಂದನ್ನು ಹಿಡಿದುಕೊಂಡೇ ಅಂಗಡಿಗೆ ಬಂದಳು.

"ಯಣ್ಣಾ, ಕೇಳಿಲ್ಲಿ. ಹೊರದೇಶದಾಗ ಒಂದಿಷ್ಟು ಮಂದಿ ಕಂಪ್ಯೂಟರ್ ನಡಸೋ ಮೂಲ ಪ್ರೋಗ್ರಾಮನ್ನಽ ಹೊಸದಾಗಿ ಬರ್ಯಾಕತ್ಯಾರಂತ. ಯಾರ್ ಬೇಕಾದ್ರೂ ಒಯ್ಯಬೌದಂತ. ಒಳಗ ಹ್ಯಾಂಗ ಬರದಾರ ಅಂತ ನೋಡಬೌದಂತ, ತಿದ್ದಬೌದಂತ, ಇನ್ನೊಬ್ಬರಿಗಿ ಕೊಡಬೌದಂತ."

"ಮತ್ತ ಹೊಟ್ಟಿಗೇನ್ ತಿಂತಾರಂತ?"

"ಅದನ್ನ ಬರದಿಲ್ಲ," ಎಂದು ನಕ್ಕಳು. "ಆದ್ರ ನಿಮ್ಮ ಉಸ್ತಾದನಂಗ ನಂಬರ್ ಕೆರ್ಯೋದಿಲ್ಲ ಅವ್ರು."

ನನ್ನ ಕೈಯಲ್ಲಿ ಆಗ ಬ್ಲೇಡು ಇತ್ತು. ಅವಳು ನೋಡಿ ಹೇಳಿದಳೋ ನೋಡದೆ ಹೇಳಿದಳೋ ಗೊತ್ತಿಲ್ಲ.

ಅವಳ ಡಿಸ್ಕಿಗೂ ಬೀಗ ಇರಲಿಲ್ಲ. ಯಾರಾದರೂ ತೆರೆದು ಒಳಗಿನ ಸಾಲುಗಳನ್ನು ಓದಬಹುದಿತ್ತು. ಯಾವ ಸಾಲು ಏನು ಮಾಡುತ್ತದೆ ಎಂಬುದನ್ನು ಅದರ ಪಕ್ಕದಲ್ಲೇ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಮಾತಾಗಿ ಬರೆದಿಟ್ಟಿದ್ದಳು. ಮಾನ್ವಿಯಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದ ವಯಸ್ಸಾದ ಸಾಹೇಬರೊಬ್ಬರು ಹಳೆಯ ಕಂಪ್ಯೂಟರೊಂದನ್ನು ಕೊಂಡಿದ್ದರು. ಅವರು ಬಂದು ಕೇಳಿದಾಗ ಒಂದು ಪ್ರತಿ ಮಾಡಿಕೊಟ್ಟಳು. "ಇದರ ಕಿಮ್ಮತ್ತೇನು ಬೇಟಿ?" ಎಂದರೆ, "ನಿಮಗ ಬಂದದ್ದನ್ನ ಇನ್ನೊಬ್ಬರಿಗಿ ಕಲಸ್ರಿ ಚಾಚಾ, ಅಷ್ಟಽ," ಎಂದಳು. ದೇವದುರ್ಗದಲ್ಲಿ ಕಾಲುವೆ ಕಚೇರಿಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನೊಬ್ಬ ಇನ್ನೊಂದು ಪ್ರತಿ ಒಯ್ದ. ಕೆಲವು ದಿನಗಳ ಮೇಲೆ ಅವನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಡಿಸ್ಕ್ ವಾಪಸ್ ಕಳಿಸಿದ. ಅವಳು ತಿಂಗಳುಗಟ್ಟಲೆ ಹೆಣಗಿದ್ದ ಒತ್ತಕ್ಷರದ ತೊಡಕನ್ನು ಅವನು ಬಿಡಿಸಿದ್ದ. ಅವಳು ಚಿಕ್ಕ ಹುಡುಗಿಯ ಹಾಗೆ ಕುಣಿದಳು. "ನೋಡಿದಿ ಯಣ್ಣಾ, ಕೊಟ್ಟದ್ದು ದೊಡ್ಡದಾಗಿ ಬಂತು!" ತಿದ್ದಿದ್ದನ್ನು ತನ್ನ ಡಿಸ್ಕಿಗೂ ಮಾನ್ವಿಯ ಡಿಸ್ಕಿಗೂ ಏರಿಸಿ, ದೇವದುರ್ಗದ್ದನ್ನು ದೇವದುರ್ಗಕ್ಕೇ ಕಳಿಸಿದಳು. ತನ್ನ ಬಳಿ ಒಂದಕ್ಕಿಂತ ಹೆಚ್ಚು ಪ್ರತಿ ಇಟ್ಟುಕೊಳ್ಳಲೇ ಇಲ್ಲ. ಡಿಸ್ಕ್ ಸುಲಭಕ್ಕೆ ಸಿಗುತ್ತಿರಲಿಲ್ಲ. ಸಿಕ್ಕರೆ ಯಾರಿಗಾದರೂ ಕೊಡಬೇಕು ಅವಳಿಗೆ.

ಕೇಂದ್ರದ ಮಾಲಕರು ಒಪ್ಪಿದರು: ದಸರೆಯ ರಜೆ ಮುಗಿದ ಮೇಲೆ ಕನ್ನಡದ್ದೇ ಒಂದು ತರಗತಿ, ಕಲಿಸುವವಳು ಅವಳೇ. ಮೆಟ್ಟಿಲು ಇಳಿದುಹೋದವರನ್ನು ಅವಳು ಮನೆಮನೆಗೆ ಹೋಗಿ ಕರೆದು ಬಂದಳು.

ಇದೇ ಹೊತ್ತಿಗೆ ಗಂಜ್ ಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದ ಒಬ್ಬ ಪ್ರೆಸ್ಸಿನವನು ತನ್ನ ಟೇಪ್‌ರೆಕಾರ್ಡರ್ ರಿಪೇರಿಗೆ ನನ್ನ ಅಂಗಡಿಗೆ ಬಂದ. ಮಾತಿನ ನಡುವೆ, ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವ ಡಿಸ್ಕಿದೆ, ಕೊಳ್ಳುತ್ತೀಯಾ ಎಂದು ನಾನೇ ಕೇಳಿದೆ.

"ಊರ ಮಂದಿ ಕೈಯಾಗಿರೋ ಮಾಲಿಗಿ ನಾ ಯಾಕ ರೊಕ್ಕ ಕೊಡ್ಲಿ?" ಎಂದ. "ಒಂದಽ ಇರಬೇಕು, ಅದು ನನ್ನ ಹತ್ರ ಇರಬೇಕು. ಹಂಗಿದ್ರ ದಸರಾ ಆದ್ಮ್ಯಾಲ ಬಾ."

ಒಂದೇ ಉಳಿದರೆ ತಂಗಿಗೂ ಅದರ ಬೆಲೆ ತಿಳಿಯುತ್ತದೆ, ಆಮೇಲೆ ಒಪ್ಪಿಸಬಹುದು ಎಂದುಕೊಂಡೆ. ಅವಳ ಒಳ್ಳೆಯದಕ್ಕೆ ಎಂದೂ ಅಂದುಕೊಂಡೆ. ಅದು ಸುಳ್ಳು. ಎಲ್ಲರೂ ಅವಳಿಗೆ ಕೈ ಮುಗಿಯುತ್ತಿದ್ದರು. ಅವಳನ್ನು ಓದಿಸಿದವನು ಯಾರು ಎಂದು ಒಬ್ಬನೂ ಕೇಳುತ್ತಿರಲಿಲ್ಲ.

ಮಾನ್ವಿಗೆ ಹೋದೆ. "ಚಾಚಾ, ಡಿಸ್ಕಿನಾಗ ಒಂದು ತಪ್ಪು ಉಳದದಂತ. ತಂಗಿ ತರಾಕ ಹೇಳ್ಯಾಳ, ತಿದ್ದಿ ಕೊಡ್ತಾಳಂತ," ಎಂದೆ. ಅವರು ಚಹಾ ಕುಡಿಸಿ, ಡಿಸ್ಕನ್ನು ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟರು. ದೇವದುರ್ಗದಲ್ಲೂ ಅದೇ ಮಾತು ಹೇಳಿದೆ. ಅವನೂ ಕೊಟ್ಟ. ಅಂಗಡಿಗೆ ಬಂದು ಎರಡನ್ನೂ ದೊಡ್ಡ ಸ್ಪೀಕರಿನ ಮ್ಯಾಗ್ನೆಟ್ಟಿನ ಮೇಲೆ ಇಟ್ಟು ತಿಕ್ಕಿದೆ. ಡಿಸ್ಕಿನ ಹತ್ತಿರ ಸ್ಪೀಕರ್ ತರಬೇಡ, ಬರೆದದ್ದೆಲ್ಲ ಅಳಿಸಿಹೋಗುತ್ತದೆ ಎಂದು ನನಗೆ ಕಲಿಸಿಕೊಟ್ಟವಳು ತಂಗಿಯೇ.

ದಸರೆ ಬಂತು. ಕೇಂದ್ರಕ್ಕೆ ಬಾಗಿಲು ಹಾಕಿದ್ದರಿಂದ ತಂಗಿ ತನ್ನ ಡಿಸ್ಕನ್ನು ಮನೆಗೆ ತಂದು ಟ್ರಂಕಿನಲ್ಲಿ ಇಟ್ಟಿದ್ದಳು. ಆಯುಧಪೂಜೆಯ ಬೆಳಿಗ್ಗೆ ಅವಳು ಚೆಂಡುಹೂ ತರಲು ಹೋದಾಗ ಅವ್ವ ಪೂಜೆಗೆ ಅಣಿ ಮಾಡಿದಳು. ನನ್ನ ಸೋಲ್ಡರಿಂಗ್ ಕಡ್ಡಿ, ಇಕ್ಕಳ, ಮೀಟರು, ಮನೆಯ ಕುಡಗೋಲು, ಈಳಿಗೆಮಣೆ ಸಾಲಾಗಿ ಇಟ್ಟಳು. ಮಗನ ಆಯುಧಗಳೆಲ್ಲ ಇವೆ, ಮಗಳದ್ದು ಇಲ್ಲ ಎಂದು ಅವಳಿಗೆ ಅನಿಸಿದೆ. ಟ್ರಂಕು ತೆಗೆದು ಡಿಸ್ಕನ್ನು ಅದರ ಚೀಲದಿಂದ ಹೊರಗೆಳೆದಿದ್ದಾಳೆ. ಅದರ ನಡುವೆ ಉದ್ದನೆಯ ಕಂಡಿ ಇರುತ್ತದೆ. ಒಳಗಿನ ಕಂದು ಬಣ್ಣದ ಪೊರೆ ಅಲ್ಲಿ ಕಾಣುತ್ತದೆ. ಬೆರಳೂ ತಾಗಿಸಬಾರದ ಜಾಗ ಅದು. ಅದೇ ಅದರ ಹಣೆ ಎಂದುಕೊಂಡು ಅವ್ವ ನೀರಿನಲ್ಲಿ ಕಲಸಿದ ವಿಭೂತಿಯ ಮೂರು ಗೆರೆ ಎಳೆದು, ನಡುವೆ ಕುಂಕುಮ ಇಟ್ಟು, ಕೈ ಮುಗಿದಿದ್ದಳು.

ತಂಗಿ ಬಂದು ನೋಡಿದಾಗ ವಿಭೂತಿ ಒಣಗಿ ಬಿರುಕು ಬಿಟ್ಟಿತ್ತು. ಅವಳು ಹೂವಿನ ಪುಡಿಕೆ ಹಿಡಿದೇ ಕೂತುಬಿಟ್ಟಳು.

"ಯಾಕಬೇ? ತಪ್ಪಾತೇನು?" ಅವ್ವನ ಮುಖ ಸಣ್ಣದಾಯಿತು.

ತಂಗಿ ಸುಧಾರಿಸಿಕೊಂಡು ನಕ್ಕಳು. "ಏನಾಗಿಲ್ಲ ತಗೋ ಯವ್ವಾ. ಇದು ಹೋದ್ರ ಹೋಗ್ಲಿ. ಮಾನ್ವ್ಯಾಗೊಂದು ಅದ, ದೇವದುರ್ಗದಾಗೊಂದು ಅದ. ನಾಳಿ ಹೋಗಿ ಮಾಡ್ಕೊಂಡು ಬರ್ತೀನಿ. ಅದಕ್ಕಽ ಅಲ್ಲೇನು ಮಂದಿಗಿ ಕೊಡೋದು?" ನನ್ನ ಕಡೆ ತಿರುಗಿ, "ನೀನೂ ಬರ್ತಿಯಲ್ಲ ಯಣ್ಣಾ?" ಎಂದಳು.

"ಬರ್ತೀನಿ," ಎಂದೆ.

ಆಗ ಹೇಳಬಹುದಿತ್ತು. ಬಸ್ಸಿನಲ್ಲಿ ಹೇಳಬಹುದಿತ್ತು. ಕಲ್ಲೂರು ದಾಟುವವರೆಗೆ ಅವಳು ಕನ್ನಡ ತರಗತಿಗೆ ಯಾರ್‍ಯಾರು ಬರುತ್ತಾರೆ ಎಂದು ಹೇಳುತ್ತಲೇ ಇದ್ದಳು. ನಾನು ಕಿಟಕಿಯಾಚೆ ಗದ್ದೆ ನೋಡುತ್ತ, ಸಾಹೇಬರು ಊರಲ್ಲಿ ಇಲ್ಲದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಸಾಹೇಬರು ಇದ್ದರು. ನನ್ನನ್ನು ನೋಡಿದವರೇ ಕುರ್ಚಿಯಿಂದ ಎದ್ದರು.

"ಆವೋ ಭಾಯಿ! ಬಾ ಬೇಟಿ! ಆತೇನು ರಿಪೇರಿ? ತಂದ್ರೇನು ನನ್ನ ಡಿಸ್ಕ್?"

ತಂಗಿಗೆ ಅರ್ಥವಾಗಲಿಲ್ಲ. "ಯಾವ ರಿಪೇರಿ ಚಾಚಾ?"

"ಅರೇ, ನಿಮ್ಮ ಅಣ್ಣ ಬಂದು ಒಯ್ದಾನಲ್ಲ, ನೀ ತಿದ್ದಿ ಕೊಡ್ತೀ ಅಂತ. ಮಕ್ಕಳು ದಿನಾ ಕೇಳಾಕತ್ಯಾವ."

ತಂಗಿ ನನ್ನ ಕಡೆ ತಿರುಗಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ದೇವದುರ್ಗದ್ದು?" ಎಂದಳು.

ಹೌದೆಂದು ತಲೆ ಆಡಿಸಿದೆ.

ಅವಳು ಸಾಹೇಬರಿಗೆ, "ಹೌದು ಚಾಚಾ, ಮರತಿದ್ದೆ. ತಿದ್ದಾಕತ್ತೀನಿ, ಇನ್ನೂ ಆಗಿಲ್ಲ," ಎಂದಳು. ನನ್ನ ಮಾನ ಕಾಯಲು ಅವಳೂ ನನ್ನದೇ ಸುಳ್ಳನ್ನು ಹೇಳಬೇಕಾಯಿತು. ಅವರು ತರಿಸಿದ ಚಹಾವನ್ನು ಪೂರ್ತಿ ಕುಡಿದಳು. ಬಸ್ ನಿಲ್ದಾಣದಲ್ಲಿ ಅವಳು ಕೇಳಿದಾಗ, ಎರಡನ್ನೂ ಅಳಿಸಿದ್ದೇನೆ ಎಂದೆ. ತಿರುಗಿ ಬರುವಾಗ ಮುಂದೆ ಹೆಂಗಸರ ಸೀಟಿನಲ್ಲಿ ಹೋಗಿ ಕೂತಳು. ರಾಯಚೂರಿನಲ್ಲಿ ಇಳಿದ ಮೇಲೆ ಒಂದೇ ಮಾತು ಆಡಿದಳು.

"ಯವ್ವ ತಾನಽ ಹಾಳು ಮಾಡೀನಿ ಅಂತ ಅಳಾಕತ್ಯಾಳ. ಅಕಿಗಿ ನೀನಽ ಹೇಳು. ನಾ ಹೇಳೂದಿಲ್ಲ."

ಕನ್ನಡ ತರಗತಿ ಶುರುವಾಗಲಿಲ್ಲ. ಕೇಂದ್ರದ ಮಷೀನಿನಲ್ಲಿ ಹಾಕಿ ನೋಡಿದಾಗ ವಿಭೂತಿ ಹತ್ತಿದ ಅವಳ ಡಿಸ್ಕು ಕಿರ್‍ರೆಂದು ಕೆರೆದುಕೊಂಡು ನಿಂತುಹೋಯಿತಂತೆ. ಇನ್ನೊಮ್ಮೆ ಮಾಡು ಎಂದು ಮೇಷ್ಟರು ಹೇಳಿದರು. ಅವಳು ಚೌಕಳಿ ಕಾಗದ ಮುಟ್ಟಲಿಲ್ಲ. ಪ್ರೆಸ್ಸಿನವನು ಬೇರೆಯವರ ಅಂಗಡಿಗೆ ಹೋಗತೊಡಗಿದ. ಮುಂದಿನ ಬೇಸಿಗೆಯಲ್ಲಿ ತಂಗಿ ಸಿರವಾರಕ್ಕೆ ಮದುವೆಯಾಗಿ ಹೋದಳು. ಬಂದ ಮೊದಲ ಗಂಡಿಗೇ ಒಪ್ಪಿಕೊಂಡಿದ್ದಳು.

ಅವ್ವನಿಗೆ ನಾನು ಹೇಳಲಿಲ್ಲ. ಹೇಳಿದರೆ ಅವಳ ಭಾರ ಇಳಿಯುತ್ತಿತ್ತು, ನನಗೆ ಬಾಯಿ ಬರಲಿಲ್ಲ. ಅವಳು ಅತ್ತಾಗಲೆಲ್ಲ, "ಹೋಗ್ಲಿ ಬಿಡು ಯವ್ವಾ, ನಿನಗೇನ್ ಗೊತ್ತು," ಎಂದು ದೊಡ್ಡ ಮನಸ್ಸಿನವನ ಹಾಗೆ ಸಮಾಧಾನ ಹೇಳಿದೆ.

ಮರುವರ್ಷದ ದಸರೆಗೆ ತಂಗಿ ತವರಿಗೆ ಬಂದಿದ್ದಳು. ಅವ್ವ ಆಗಲೇ ಜ್ವರದಲ್ಲಿ ಸೊರಗಿದ್ದಳು. ಆಯುಧಗಳನ್ನು ನಾನು ಸಾಲಾಗಿ ಇಟ್ಟೆ. ವಿಭೂತಿಯ ತಟ್ಟೆಯನ್ನು ಅವಳ ಮುಂದೆ ಹಿಡಿದೆ. ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು.

"ಬ್ಯಾಡಪಾ. ನನ್ನ ಕೈ ಚೊಲೊ ಇಲ್ಲ. ಮಗಳ ವಿದ್ಯಾ ತಿಂದ ಕೈ ಇದು. ನೀನಽ ಹಚ್ಚು."

ಬಾಗಿಲಿಗೆ ಒರಗಿ ನಿಂತಿದ್ದ ತಂಗಿ ನನ್ನನ್ನೇ ನೋಡುತ್ತಿದ್ದಳು. ಒಂದು ವರ್ಷದಿಂದ ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟಿರಲಿಲ್ಲ.

"ಯವ್ವಾ," ಎಂದೆ.

"ಏನಪಾ?"

"ವಿಭೂತಿ ಗಟ್ಟಿ ಆಗ್ಯಾದ. ಒಂಚೂರು ನೀರು ಹಾಕು."

ಅವ್ವ ತಂಬಿಗೆ ತಂದು, ತಟ್ಟೆಗೆ ಕೈ ತಾಗದ ಹಾಗೆ ದೂರದಿಂದಲೇ ನೀರು ಬಿಟ್ಟಳು. ತಂಗಿ ಬಾಗಿಲು ಬಿಟ್ಟು ಒಳಗೆ ಹೋದಳು. ನಾನು ಸೋಲ್ಡರಿಂಗ್ ಕಡ್ಡಿ ಎತ್ತಿಕೊಂಡು ಮೂರು ಗೆರೆ ಎಳೆದೆ. ಮುಂದಿನ ದಸರೆಗೆ ಅವ್ವ ಇರಲಿಲ್ಲ.