ಹೆಸರಿಲ್ಲದ ಸಿಪಾಯಿಯ ಪದ್ಯ

ಪಾಯಿಂಟ್ ಮೇಷ್ಟ್ರ ಕೈಯಲ್ಲಿ ಇಂಗ್ಲಿಷ್ ಕಾವ್ಯದ ಆರುನೂರು ವರ್ಷಗಳು ಒಂದೇ ಕಪ್ಪು ಹಲಗೆಯಲ್ಲಿ ಹಿಡಿಸುತ್ತಿದ್ದವು. ಜೆರಾಕ್ಸ್ ಅಂಗಡಿಯ ಮೇಲಿನ ಟ್ಯೂಷನ್ ಕೋಣೆಯಲ್ಲಿ ಹಲಗೆಗೆ ಉದ್ದುದ್ದ ಗೆರೆ ಎಳೆದು, ಒಂದೊಂದು ಪಟ್ಟಿಯಲ್ಲಿ ಒಂದೊಂದು ಯುಗವನ್ನು ತುರುಕಿ, ಪ್ರತಿ ಯುಗಕ್ಕೂ ಐದೇ ಐದು ಪಾಯಿಂಟು ಕೊಡುತ್ತಿದ್ದರು. ಆರನೆಯದು ಇದೆಯೇ ಎಂದು ಯಾರಾದರೂ ಕೇಳಿದರೆ, "ಐದಕ್ಕೇ ಪೂರ್ತಿ ಮಾರ್ಕ್ಸ್ ಬರುತ್ತೆ, ಆರನೇದನ್ನ ನಿಮ್ಮ ತಾತ ಬಂದು ಓದ್ತಾನಾ?" ಎನ್ನುತ್ತಿದ್ದರು. ಆ ಹೆಸರು ಅವರಿಗೆ ಅಂಟಿದ್ದು ಹಾಗೆ.

ಪಾಠ ಮಾತ್ರ ಸೊಗಸಾಗಿ ಮಾಡುತ್ತಿದ್ದರು, ಸುಳ್ಳು ಹೇಳಬಾರದು. "ಮೊದಮೊದಲು ಕವಿ ಅರಮನೆಗೋಸ್ಕರ ಬರೆದ. ಆಮೇಲೆ ಪ್ರೇಯಸಿ ಮುಂದೆ ಹದಿನಾಲ್ಕು ಸಾಲಲ್ಲಿ ಹಲ್ಲು ಗಿಂಜಿದ. ಆಮೇಲೆ ಬುದ್ಧಿ ಜಾಸ್ತಿಯಾಗಿ, ಎರಡೆರಡು ಸಾಲಿಗೆ ಪ್ರಾಸ ಕಟ್ಟಿ ಊರವರನ್ನೆಲ್ಲ ಚುಚ್ಚಿದ. ಅದೂ ಬೇಜಾರಾಯ್ತು, ಬೆಟ್ಟ ಹತ್ತಿ ಮೋಡ ನೋಡ್ತಾ ಕೂತ. ಇಳಿದು ಬಂದ್ರೆ ಊರ ತುಂಬ ಕಾರ್ಖಾನೆ ಹೊಗೆ, ದೇವರಿದ್ದಾನೋ ಇಲ್ವೋ ಅಂತ ಅನುಮಾನ. ಕೊನೆಗೆ ಯುದ್ಧ ಬಂತು, ಪ್ರಾಸ ಸತ್ತುಹೋಯ್ತು. ಬರ್ಕೊಳ್ಳಿ." ಮಕ್ಕಳು ಬಿದ್ದು ಬಿದ್ದು ನಗುತ್ತಾ ಬರೆದುಕೊಳ್ಳುತ್ತಿದ್ದರು. ಒಂದು ಯುಗದ ಮಾತನ್ನು ಇನ್ನೊಂದು ಯುಗದ ಪಟ್ಟಿಯಲ್ಲಿ ಬರೆದವರಿಗೆ ಮಾತ್ರ ಕ್ಷಮೆ ಇರಲಿಲ್ಲ, ಬೆಂಚಿನ ಮೇಲೆ ನಿಲ್ಲಿಸಿ ಮಾನ ಕಳೆಯುತ್ತಿದ್ದರು.

ಈ ಪಾಠಗಳೇ ಮುಂದೆ ಗೈಡಾದವು. ಅಚ್ಚು ಹಾಕಿಸುವವನು ಆಧುನಿಕ ಕಾವ್ಯದ ಅಧ್ಯಾಯಕ್ಕೆ ಬಂದಾಗ ತಕರಾರು ತೆಗೆದ. "ಹಳೇ ಪದ್ಯ ಎಷ್ಟು ಬೇಕಾದ್ರೂ ಹಾಕಿ ಮೇಷ್ಟ್ರೇ, ಹೊಸದು ಹಾಕಿದ್ರೆ ಕಾಪಿರೈಟ್ ಇರೋರು ಯಾರಾದ್ರೂ ಬಂದು ಕುತ್ತಿಗೆ ಹಿಡೀತಾರೆ. ನೀವೇ ಏನಾದ್ರೂ ನಾಲ್ಕು ಸಾಲು ಗೀಚಿಬಿಡಿ. ಯಾರು ನೋಡ್ತಾರೆ?"

ಮೇಷ್ಟ್ರು ಗೀಚಬೇಕಾಗಿರಲಿಲ್ಲ. ಟ್ರಂಕಿನ ತಳದಲ್ಲಿ ಅವರು ಇಂಗ್ಲಿಷಿನಲ್ಲಿ ಬರೆದ ಒಂಬತ್ತು ಸಾಲಿನ ಪದ್ಯವೊಂದಿತ್ತು. ಹರೆಯದಲ್ಲಿ ಮೂರು ಪತ್ರಿಕೆಗಳಿಗೆ ಕಳಿಸಿ, ಮೂರೂ ಕಡೆಯಿಂದ ವಾಪಸು ಪಡೆದದ್ದು. ಯುದ್ಧ ಮುಗಿಸಿ ಬಂದ ಸಿಪಾಯಿ ಟ್ರಾಮಿನಲ್ಲಿ ಕೂತಿದ್ದಾನೆ; ಒಂದು ತೋಳಿಲ್ಲ. ಸತ್ತ ಗೆಳೆಯನ ತಾಯಿಗೆ ಕಾಗದ ಬರೆಯಬೇಕು. ಬಾಲ್‌ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದ ಕಿತ್ತವನಿಗೆ, ತೊಡೆಯ ಮೇಲಿನ ಹಾಳೆ ಜಾರದಂತೆ ಹಿಡಿಯಲು ಇನ್ನೊಂದು ಕೈ ಇಲ್ಲವೆಂದು ನೆನಪಾಗಿ, ಪಕ್ಕದ ಅಪರಿಚಿತ ಹೆಂಗಸಿನ ಮುಖ ನೋಡುತ್ತಾನೆ. ಅಷ್ಟೇ ಪದ್ಯ. ಅದರ ಕೆಳಗೆ ಮೇಷ್ಟ್ರು 'ಹೆಸರು ತಿಳಿಯದ ಯುದ್ಧಕವಿ, ೧೯೧೯' ಎಂದು ಬರೆದು ಕೊಟ್ಟರು.

ಆಗ ಎಂ.ಎ. ಓದುತ್ತಿದ್ದ ಮಗಳೇ ಪ್ರೂಫ್ ನೋಡಿದವಳು. ಆ ಪುಟಕ್ಕೆ ಬಂದಾಗ ಕೆಂಪು ಪೆನ್ನು ಕೆಳಗಿಟ್ಟಳು. "ಅಪ್ಪಾ, ಈ ಸಿಪಾಯಿ ಯಾರು? ಇನ್ನೇನಾದ್ರೂ ಬರೆದಿದ್ದಾನಾ?"

"ಇಲ್ಲ ಪುಟ್ಟಿ. ಹೆಸರಿಲ್ಲದೆ ಹೋಗ್ಬಿಟ್ಟ ಪಾಪ," ಎಂದರು ಮೇಷ್ಟ್ರು. ಮಗಳ ಕಣ್ಣಲ್ಲಿ ನೀರು ನೋಡಿ ಅವರಿಗೆ ಸ್ವರ್ಗಕ್ಕೆ ಮೂರೇ ಗೇಣು.

ಹನ್ನೊಂದು ವರ್ಷ ಸಿಪಾಯಿ ಮೆರೆದ. ಮಕ್ಕಳು ಅವನನ್ನು ಬಾಯಿಪಾಠ ಮಾಡಿದರು, ಉತ್ತರಪತ್ರಿಕೆಗಳಲ್ಲಿ ಉದ್ಧರಿಸಿದರು. ತಿದ್ದುವವರು ಕಣ್ಣು ಮುಚ್ಚಿಕೊಂಡು ರೈಟು ಹಾಕಿದರು. ಅಚ್ಚು ಹಾಕಿಸಿದವನನ್ನು ಬಿಟ್ಟರೆ ಗುಟ್ಟು ಗೊತ್ತಿದ್ದವಳು ಮೇಷ್ಟ್ರ ಹೆಂಡತಿ ಒಬ್ಬಳೇ, ಮದುವೆಯಾದ ಹೊಸದರಲ್ಲಿ ಆ ಪದ್ಯವನ್ನು ಕೇಳಿ ಆಕಳಿಸಿದ್ದವಳು.

ಮಗಳು ಅಷ್ಟೂ ವರ್ಷ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಅಲೆಯುತ್ತಾ, ಗಂಟೆ ಲೆಕ್ಕದ ಮೇಡಂ ಆಗಿಯೇ ಉಳಿದಳು. ಈ ಸಲ ಕಾಯಂ ಹುದ್ದೆಯೊಂದಕ್ಕೆ ಅರ್ಜಿ ಕರೆದರು. ಮುಂದಿನ ಸಲಕ್ಕೆ ಅವಳ ವಯಸ್ಸು ಮೀರುತ್ತಿತ್ತು, ಹಾಗಾಗಿ ಇದೇ ಮೊದಲು, ಇದೇ ಕೊನೆ. ಸಂದರ್ಶಕರೆದುರು ಪಾಠ ಮಾಡಿ ತೋರಿಸಬೇಕು. ಕೊಟ್ಟ ವಿಷಯ, ಇಂಗ್ಲಿಷ್ ಕಾವ್ಯ ಯುಗದಿಂದ ಯುಗಕ್ಕೆ ಬದಲಾದ ಬಗೆ. ಮಗಳು ಹಿಗ್ಗಿಹೋದಳು. "ಸಿಪಾಯಿ ಪದ್ಯದಲ್ಲೇ ಮುಗಿಸ್ತೀನಿ ಅಪ್ಪ. ಬೇರೆ ಯಾರೂ ಅದನ್ನ ತರಲ್ಲ."

ಹೆಂಡತಿ ಅಡುಗೆಮನೆಗೆ ಕರೆದು ಹೇಳಿದಳು. "ರೀ, ಅವಳಿಗೆ ಇವತ್ತೇ ಹೇಳಿಬಿಡಿ. ಅಲ್ಲಿ ಕೂತಿರೋರು ನಿಮ್ಮ ಟ್ಯೂಷನ್ ಹುಡುಗರಲ್ಲ."

"ಹೇಳ್ತೀನಿ ಕಣೇ, ನನಗೇನು ಅಷ್ಟೂ ಗೊತ್ತಾಗಲ್ವಾ?"

ಹೇಳಲೆಂದೇ ಹೊರಗೆ ಬಂದರು. ಮಗಳು ಕಿಟಕಿಯ ಬಳಿ ನಿಂತು ಪದ್ಯ ಒಪ್ಪಿಸುತ್ತಿದ್ದಳು. ಅವರ ಒಂಬತ್ತು ಸಾಲುಗಳು ಒಂದು ಒಳ್ಳೆಯ ಗಂಟಲಿನಿಂದ, ಒಂದಕ್ಷರವೂ ತಪ್ಪದೆ ಬರುತ್ತಿದ್ದವು. ಮೇಷ್ಟ್ರು ಕುರ್ಚಿಯಲ್ಲಿ ಕೂತರು. "ನಾಲ್ಕನೇ ಸಾಲಾದ್ಮೇಲೆ ಸ್ವಲ್ಪ ನಿಲ್ಲು ಪುಟ್ಟಿ," ಎಂದರು. "ಅವರ ಎದೆಗೆ ನಾಟೋ ಅಷ್ಟು ಹೊತ್ತು." ಅಪ್ಪ ಎನಿಸಿಕೊಂಡವರು ಮಗಳ ಬಾಳಿಗೆ ಕಲ್ಲು ಹಾಕುವುದು ಹೀಗೆ, ಪ್ರೀತಿಯಿಂದ, ಕುರ್ಚಿಯಲ್ಲಿ ಕೂತು. ಇದನ್ನು ಹೇಳುವಾಗ ನನಗೆ ಈಗಲೂ ಮೈಯುರಿಯುತ್ತದೆ.

ಸಂದರ್ಶನದ ದಿನ ಅವರೂ ಜೊತೆಗೆ ಹೋದರು. ಹೊರಗೆ ಪಡಸಾಲೆಯ ಬೆಂಚಿನಲ್ಲಿ ಮಗಳ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತರೆ, ತೆರೆದ ಕಿಟಕಿಯಿಂದ ಒಳಗಿನ ಒಂದೊಂದು ಮಾತೂ ಕೇಳುತ್ತಿತ್ತು. ಮಗಳು ಅಪ್ಪನ ಪಾಯಿಂಟುಗಳನ್ನು ಗಾಳಿಗೆ ತೂರಿ ತನ್ನದೇ ದಾರಿ ಹಿಡಿದಿದ್ದಳು. ಯುಗಗಳೆಂಬವು ಗೋಡೆ ಕಟ್ಟಿದ ಕೋಣೆಗಳಲ್ಲ, ಬೆಟ್ಟ ಹತ್ತಿದ ಕವಿಯ ಜೇಬಿನಲ್ಲೂ ಅವನ ಅಜ್ಜನ ಪ್ರಾಸಗಳು ಉಳಿದಿದ್ದವು ಎಂದಳು. ಒಳಗಿದ್ದವರು ಭೇಷ್ ಎಂದರು. ಹುದ್ದೆ ಕೈಗೆ ಬಂದಂತೆಯೇ ಎಂದು ಮೇಷ್ಟ್ರಿಗೆ ಅನಿಸಿತು. ಆಮೇಲೆ ಅವಳು ಸಿಪಾಯಿಯನ್ನು ತಂದಳು. ನಾಲ್ಕನೆಯ ಸಾಲಾದ ಮೇಲೆ ನಿಂತಳು, ಅವರು ಹೇಳಿಕೊಟ್ಟಷ್ಟೇ ಹೊತ್ತು.

ಆ ಬಿಡುವಿನಲ್ಲೇ ಒಬ್ಬ ಹೆಂಗಸಿನ ದನಿ ಕೇಳಿಸಿತು. "ಒಂದ್ನಿಮಿಷ. ಬಾಲ್‌ಪೆನ್ನಾ? ೧೯೧೯ರಲ್ಲಿ ಸಿಪಾಯಿ ಕೈಗೆ ಬಾಲ್‌ಪೆನ್ನು ಎಲ್ಲಿಂದ ಬಂತಮ್ಮಾ? ಅದು ಅಂಗಡಿಗೆ ಬಂದಿದ್ದೇ ಇನ್ನೊಂದು ಮಹಾಯುದ್ಧದ ಹೊತ್ತಿಗೆ."

ಯಾರೋ ನಕ್ಕರು. ಊರ ಮಕ್ಕಳನ್ನೆಲ್ಲ ಯುಗ ತಪ್ಪಿದ್ದಕ್ಕೆ ಬೆಂಚು ಹತ್ತಿಸಿದ ಮೇಷ್ಟ್ರು ಅದೇ ತಪ್ಪನ್ನು ಅಚ್ಚು ಹಾಕಿಸಿ ಹನ್ನೊಂದು ವರ್ಷ ಮಾರಿಸಿದ್ದರು. ಆ ಪದ್ಯ ಬರೆಯುವಾಗ ಅವರ ಕೈಯಲ್ಲಿದ್ದದ್ದು ಬಾಲ್‌ಪೆನ್ನು, ಅದನ್ನೇ ಸಿಪಾಯಿಗೂ ಕೊಟ್ಟಿದ್ದರು.

ಒಳಗೆ ಮಗಳು ಒಯ್ದಿದ್ದ ಗೈಡಿನ ಪುಟ ಮಗುಚುವ ಸದ್ದಾಯಿತು. ಗಂಡಸೊಬ್ಬನ ದನಿ ಗಡುಸಾಯಿತು. "ಈ ಗೈಡು ಬರೆದೋರು ನಿಮ್ಮ ತಂದೆ ಅಲ್ವಾ? ಅರ್ಜೀಲೂ ಇದೇ ಹೆಸರಿದೆ. ಹಾಗಾದ್ರೆ ಸುಳ್ಳು ಪದ್ಯ ಕಟ್ಟಿ ಇಷ್ಟು ವರ್ಷ ಮಕ್ಕಳ ಕಣ್ಣಿಗೆ ಮಣ್ಣೆರಚಿದ್ದಾರೆ. ಇದನ್ನ ನಾವು ಪರೀಕ್ಷಾ ಮಂಡಳಿಗೆ ಬರೀಲೇಬೇಕಾಗುತ್ತೆ."

ಅಷ್ಟರಲ್ಲಿ ಮಗಳಿಗೆ ಎಲ್ಲ ಹೊಳೆದಿರಬೇಕು. ಮೇಷ್ಟ್ರಿಂದ ಬಾಗಿಲಿಗೆ ನಾಲ್ಕೇ ಹೆಜ್ಜೆ. ಒಳಗೆ ಹೋಗಿ 'ತಪ್ಪು ನನ್ನದು, ಅವಳಿಗೇನೂ ಗೊತ್ತಿಲ್ಲ' ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವರು ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಅಪ್ಪಂಗೆ ಏನೂ ಗೊತ್ತಿಲ್ಲ ಸರ್," ಎಂದಿತು ಮಗಳ ದನಿ. "ಆಗ ಪ್ರೂಫ್ ನೋಡ್ತಿದ್ದವಳು ನಾನು. ಆ ಪದ್ಯ ನಾನೇ ಬರೆದು ಸೇರಿಸಿದ್ದು."

"ನೀವಾ?"

"ಹೌದು. ನಂದೇ."

ಆಮೇಲೆ ಅವರು ಅವಳನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳಲಿಲ್ಲ. ಇಂಥವರ ಕೈಗೆ ತರಗತಿ ಕೊಡುವುದು ಹೇಗೆ ಎಂದ ಗಂಡಸು. ಹೆಂಗಸು ಮಾತ್ರ, "ಪದ್ಯ ಚೆನ್ನಾಗೇ ಬರ್ದಿದೀಯಮ್ಮಾ, ನಿನ್ನ ಹೆಸರಲ್ಲೇ ಹಾಕ್ಕೋಬಹುದಿತ್ತಲ್ಲ," ಎಂದಳು.

ಆ ಮಾತು ಕಿಟಕಿಯಿಂದ ಹೊರಬಿದ್ದಾಗ ಪಾಯಿಂಟ್ ಮೇಷ್ಟ್ರ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಮಗಳ ಕೆಲಸ ಹೋಯಿತೆಂದಲ್ಲ, ಅವಳು ತಮ್ಮ ಮಾನ ಉಳಿಸಿದಳೆಂದೂ ಅಲ್ಲ. ಜೀವಮಾನದಲ್ಲಿ ಮೊದಲ ಸಲ ಓದು ಬಲ್ಲವರೊಬ್ಬರು ಅವರ ಪದ್ಯ ಚೆನ್ನಾಗಿದೆ ಎಂದಿದ್ದರು, ಆ ಮಾತು ಇನ್ನೊಬ್ಬರ ಪಾಲಾಗಿತ್ತು. ಮನುಷ್ಯನ ಹೊಟ್ಟೆಕಿಚ್ಚಿಗೆ ಕರುಳಕುಡಿಯ ಗುರುತೂ ಸಿಗುವುದಿಲ್ಲ.

ಬಾಗಿಲು ತೆರೆದು ಮಗಳು ಬಂದಳು. ಅಳುತ್ತಿರಲಿಲ್ಲ. ಚೀಲಕ್ಕೆ ಕೈ ಚಾಚಿದಳು. ಮೇಷ್ಟ್ರು ಅದನ್ನು ಕೊಡದೆ, ಯಾರಿಗೂ ಕೇಳಿಸದ ಹಾಗೆ ಹೇಳಿದರು. "ಅದು ನಂದು ಕಣೇ."

ಮಗಳು ಅವರ ಮುಖವನ್ನೇ ನೋಡಿದಳು.

"ಗೊತ್ತಾಯ್ತಪ್ಪ," ಎಂದಳು. "ಒಳಗೆ ಬಂದು ಹೇಳ್ಬೇಕಿತ್ತು."